ನಾಟ್ ಫಾರ್ ಬಾಲ್ ಕಂಪನಿಯ ಕೋವಿ

ಅಪ್ಪ ತೀರಿಕೊಂಡ ಮೇಲೆ ಪಾಲಾಯಿತು. ಮೇಲಿನ ತೋಟ ಅಣ್ಣನಿಗೆ, ತಾಮ್ರದ ಹಂಡೆ ಅಕ್ಕನಿಗೆ, ಕೆಳಗಿನ ತೋಟ ಮತ್ತು ಅಜ್ಜನ ಕಾಲದ ಜೋಡುನಳಿಗೆ ಕೋವಿ ನನಗೆ. ಹಂಡೆ ಒಯ್ಯಲು ಅಕ್ಕನಿಗೆ ಒಂದು ಆಟೋ ಸಾಕಾಯಿತು. ಕೋವಿ ಒಯ್ಯಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನ ಅದು ಠಾಣೆಯ ಮೂಲೆಯಲ್ಲಿ ನಿಂತಿತ್ತು, ನಾನು ಕಚೇರಿಗಳ ಮೂಲೆಯಲ್ಲಿ ನಿಂತಿದ್ದೆ.

ಅಪ್ಪ ಸತ್ತಿದ್ದಕ್ಕೆ ಒಂದು ಕಾಗದ. ನಾನು ಅವರ ಮಗ ಅನ್ನೋದಕ್ಕೆ ಒಂದು. ಅಣ್ಣ, ಅಕ್ಕ ಇಬ್ಬರದೂ ತಕರಾರಿಲ್ಲ ಅನ್ನೋದಕ್ಕೆ ಒಂದು. ನನ್ನ ತಲೆ ನೆಟ್ಟಗಿದೆ ಅಂತ ಡಾಕ್ಟರದು ಒಂದು. ಇದನ್ನು ಮಾತ್ರ ಕೊನೆಗೆ ಕೇಳಬಾರದಿತ್ತು. ಮೊದಲ ತಿಂಗಳಲ್ಲೇ ಕೇಳಿದ್ದರೆ ಡಾಕ್ಟರು ಧೈರ್ಯವಾಗಿ ಬರೆದುಕೊಡುತ್ತಿದ್ದರು.

ಘಟ್ಟದ ಸಾಲಿನಲ್ಲೇ ತೆಂಕಣಕ್ಕೆ ಹೋದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಎಂಬ ಹಳೇ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದ ದಿನ ಅವರು ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ನಾವೂ ಪೂಜೆ ಮಾಡುತ್ತೇವೆ, ಆದರೆ ಫೈಲಿಗೆ.

ಅಂತೂ ಲೈಸೆನ್ಸ್ ಬಂತು. ತೆರೆದು ನೋಡಿದೆ. ಬೋರು, ಅಂದರೆ ನಳಿಗೆಯ ಅಳತೆ: 12. ಕಂಪನಿ: ನಾಟ್ ಫಾರ್ ಬಾಲ್. ದೇಶ: ಇಂಗ್ಲೆಂಡ್.

ನನಗೂ ಹೆಮ್ಮೆಯೇ ಆಯಿತು. ನೆಂಟರಲ್ಲಿ ಒಬ್ಬರು, 'ಇಂಗ್ಲೆಂಡ್ ಮಾಲು ಕಣೋ, ಏನಿಲ್ಲವೆಂದರೂ ಐದು ಲಕ್ಷ' ಎಂದರು. ಇನ್ನೊಬ್ಬರು ಹತ್ತಕ್ಕೆ ಏರಿಸಿದರು. ಇಬ್ಬರೂ ಕೋವಿ ನೋಡಿರಲಿಲ್ಲ.

ಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಒಬ್ಬ ಅಜ್ಜ ಇದ್ದಾರೆ. ಅವರು ನಳಿಗೆ ಕಳಚಿ, ಮಗುಚಿ, ಭೂತಗನ್ನಡಿ ಹಿಡಿದರು. ಕಿರೀಟ, ಅದರ ಕೆಳಗೆ ಅಡ್ಡಡ್ಡ ರಾಜದಂಡ. 'ಬರ್ಮಿಂಗ್‌ಹ್ಯಾಮಿನ ಪರೀಕ್ಷೆ ಮುದ್ರೆ ಇದು. ಮಾಡಿದವನ ಹೆಸರು ಪಕ್ಕದ ತಗಡಿನ ಮೇಲಿರುತ್ತೆ, ನಿಮ್ಮದರಲ್ಲಿ ಉಜ್ಜಿಹೋಗಿದೆ' ಎಂದರು. ಹಾಗಾದರೆ ನಾಟ್ ಫಾರ್ ಬಾಲ್? ಅಜ್ಜ ಕೆಮ್ಮು ಬರೋವರೆಗೆ ನಕ್ಕರು. ಅದು ಕಂಪನಿಯೂ ಅಲ್ಲ, ಸಾಹೇಬನ ಹೆಸರೂ ಅಲ್ಲ. ಎಚ್ಚರಿಕೆ. ಈ ನಳಿಗೆಯ ಬಾಯಿ ಇಕ್ಕಟ್ಟು, ಚರೆ, ಅಂದರೆ ಸಣ್ಣ ಗುಂಡುಗಳು ಮಾತ್ರ ಹಾಕು, ಒಂಟಿ ಗುಂಡು ಹಾಕಬೇಡ ಅಂತ ಅರ್ಥ. 1875ರಿಂದ 1887ರವರೆಗೆ ಹೀಗೆ ಒತ್ತುತ್ತಿದ್ದರು. ಅಂದರೆ ಕೋವಿಯ ವಯಸ್ಸು ಹೆಚ್ಚುಕಮ್ಮಿ ನೂರನಲವತ್ತು.

ಯಾವುದೋ ಕಾಲದ ಗುಮಾಸ್ತರು ಅದನ್ನೇ ಕಂಪನಿ ಎಂದು ಬರೆದುಕೊಂಡಿದ್ದಾರೆ. ಬೆಂಕಿಪೊಟ್ಟಣದ ಮೇಲೆ 'ಮಕ್ಕಳಿಂದ ದೂರವಿಡಿ' ಅಂತಿದ್ದರೆ ಅದನ್ನೇ ಕಂಪನಿ ಹೆಸರು ಅನ್ನೋ ಹಾಗೆ. ತಿದ್ದಿಸೋಣ ಎಂದು ಕಚೇರಿಗೆ ಹೋದೆ. 'ತಿದ್ದಬಹುದು, ಆದರೆ ಆಗ ಲೈಸೆನ್ಸಿನಲ್ಲಿರೋ ಕೋವಿ ಬೇರೆ, ನಿಮ್ಮ ಹತ್ತಿರ ಇರೋ ಕೋವಿ ಬೇರೆ ಅಂತಾಗುತ್ತೆ. ಆ ಕೋವಿ ಎಲ್ಲಿ ಅಂತ ಕೇಳಿದರೆ ಏನು ಹೇಳ್ತೀರಿ?' ಎಂದರು. ಉತ್ತರ ನನ್ನಲ್ಲಿ ಇರಲಿಲ್ಲ. ನಾಟ್ ಫಾರ್ ಬಾಲ್ ಉಳಿಯಿತು.

ಬೆಲೆಯ ವಿಷಯವನ್ನೂ ಅಜ್ಜ ಬಿಡಿಸಿ ಹೇಳಿದರು. ಇಲ್ಲಿ ಕೊಳ್ಳುವವನಿಗೂ ಲೈಸೆನ್ಸ್ ಬೇಕು, ಇದ್ದವನಿಗೆ ಇಷ್ಟು ಹಳೇ ಕೋವಿ ಬೇಡ. ಬೇಕೆನ್ನುವ ಹುಚ್ಚರು ಇರೋದು ವಿದೇಶದಲ್ಲಿ. ಆದರೆ ನೂರು ವರ್ಷ ದಾಟಿದ್ದನ್ನು 1972ರ ಕಾಯ್ದೆಯಲ್ಲಿ ಪುರಾತನ ವಸ್ತು ಅಂದುಬಿಟ್ಟರೆ ದೇಶ ಬಿಟ್ಟು ಕಳಿಸುವಂತಿಲ್ಲ. ಮಾರೋಣ ಅಂದರೆ ಹಳೇ ಕಬ್ಬಿಣ, ಕಳಿಸೋಣ ಅಂದರೆ ದೇಶದ ಆಸ್ತಿ. ಮತ್ತೆ ಹೊಡೆಯೋಣ ಅಂದರೆ? 'ಮುಟ್ಟಬೇಡಿ' ಎಂದರು. ನಳಿಗೆ ಮೇಲೆ ಬಳ್ಳಿ ಸುತ್ತಿದ ಹಾಗೆ ಚಿತ್ತಾರ ಇದೆ. ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು ಮಾಡಿದ್ದು, ಕರಿಮದ್ದಿನ ಕಾಲದ್ದು. ಈಗಿನ ತೋಟಾ ಹಾಕಿದರೆ ಮಂಗನಿಗಿಂತ ಮೊದಲು ನಾನೇ ಹೋಗಬಹುದಂತೆ.

ಅಂದರೆ ಇದು ಮಾರಲಾಗದ, ಕಳಿಸಲಾಗದ, ಹೊಡೆಯಲಾಗದ ಕೋವಿ. ಆದರೂ ಪ್ರಜಾಪ್ರಭುತ್ವಕ್ಕೆ ಇದರಿಂದ ಭಾರಿ ಅಪಾಯ ಇದೆ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿಸಂಹಿತೆ ಜಾರಿಯಾಯಿತು, ಕೋವಿ ಠಾಣೆಗೆ ತಂದಿಡಿ ಅಂತ ಬುಲಾವ್ ಬಂತು. ನಮ್ಮ ಕಡೆ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟೂ ದಿನ ತೋಟದಲ್ಲಿ ಮಂಗಗಳು ಎಳೆ ಅಡಿಕೆ ಕಿತ್ತು, ಚೀಪಿ, ಉಗುಳಿ, ಅಬ್ಬರದ ಪ್ರಚಾರ ನಡೆಸಿದವು. ಅವಕ್ಕೆ ನೀತಿಸಂಹಿತೆ ಇಲ್ಲ, ಖರ್ಚಿನ ಮಿತಿಯೂ ಇಲ್ಲ. ನಾನು ತಗಡಿನ ಡಬ್ಬ ಬಡಿದೆ. ಡಬ್ಬಕ್ಕೆ ಇನ್ನೂ ಲೈಸೆನ್ಸ್ ಬಂದಿಲ್ಲ, ಪುಣ್ಯ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೋವಿ ತರಲು ಹೋದೆ. ಸುತ್ತಿದ ಗೋಣಿ ಬಿಚ್ಚಿದರೆ ನಳಿಗೆಯ ಮೇಲೆ ಹೊಸ ತುಕ್ಕು. ಪೇದೆ ರಿಜಿಸ್ಟರಿನ ಮೇಲೆ ಬೆರಳಿಟ್ಟು ಓದಿ, ನನ್ನನ್ನು ಗೌರವದಿಂದ ನೋಡಿದ.

'ಒಳ್ಳೇ ಕಂಪನಿ ಸಾರ್. ನಮ್ಮ ಠಾಣೆಯಲ್ಲೇ ಇದೇ ಕಂಪನಿಯವು ಇನ್ನೂ ಮೂರಿವೆ.'