ಹೆರದೆ ಬಂದ ಗೆರೆಗಳು

ಸ್ಟ್ರೆಚ್ ಮಾರ್ಕ್ಸ್ ಅಂದರೆ ಬಸಿರು, ಬಾಣಂತನದ ಹೊಟ್ಟೆಗೆ ಮಾತ್ರ ಮೀಸಲು ಎಂದು ನಂಬಿದವರು ಬಹಳ ಜನ. ಅವರೆಲ್ಲ ಒಮ್ಮೆ ನನ್ನ ಬೆನ್ನು ನೋಡಬೇಕು. ಸೊಂಟದ ಮೇಲೆ ಅಡ್ಡಡ್ಡ ಗೆರೆಗಳು, ಗೆರೆ ಹೊಡೆದ ನೋಟ್‌ಬುಕ್ಕಿನ ಹಾಳೆ ಥರ. ನಾನೋ ಗಂಡಸು.

ಹೈಸ್ಕೂಲಿನಲ್ಲಿ ಸರ್ರನೆ ಉದ್ದವಾದೆ. ಪ್ಯಾಂಟು ಗಿಡ್ಡವಾಗಿದ್ದು ಎಲ್ಲರಿಗೂ ಕಂಡಿತು. ಚರ್ಮವೂ ಸಾಲದೆ ಬಂದಿದ್ದು ಯಾರಿಗೂ ಹೊಳೆಯಲಿಲ್ಲ. ಮೇಲ್ಪದರದ ಕೆಳಗೆ ಡರ್ಮಿಸ್ ಎಂಬ ದಪ್ಪ ಪದರ ಇದೆ. ಅದಕ್ಕೆ ಗಟ್ಟಿತನ ಕೊಡುವುದು ಕೊಲಾಜೆನ್, ಹಿಗ್ಗಿ ಕುಗ್ಗುವ ಗುಣ ಕೊಡುವುದು ಎಲಾಸ್ಟಿನ್. ಮೈ ಅವಸರದಲ್ಲಿ ಬೆಳೆದರೆ ಈ ಎಳೆಗಳು ಹರಿಯುತ್ತವೆ. ಮೇಲೆ ರಕ್ತವಿಲ್ಲ, ಗಾಯವಿಲ್ಲ. ಒಳಗೆ ಮಾಯ್ದ ಕಲೆಯೇ ಹೊರಗೆ ಕಾಣುವ ಗೆರೆ.

ಹೊಸದರಲ್ಲಿ ಅದು ಕೆಂಪು, ಇಲ್ಲವೇ ನೇರಳೆ. ಪೇಚಾಟವೆಲ್ಲ ಆಗಲೇ. ಈಜು ಕಲಿಸುವ ಮೇಷ್ಟ್ರು ಬೆನ್ನು ನೋಡಿ, ಪಕ್ಕಕ್ಕೆ ಕರೆದು, "ಮನೇಲಿ ಯಾರಾದ್ರೂ ಹೊಡೀತಾರೇನೋ?" ಅಂದರು. "ಇಲ್ಲ ಸಾರ್, ಬೆಳೀತಿದ್ದೀನಿ" ಅಂದೆ. ಅವರು ನಂಬಲಿಲ್ಲ. ಸಂಜೆ ಅಪ್ಪನಿಗೆ ಫೋನ್ ಬಂತು. ಇರುವೆಗೂ ಕೈ ಎತ್ತದ ಅಪ್ಪ ಬೆವರೊರೆಸಿಕೊಂಡು ಉತ್ತರ ಕೊಟ್ಟರು. ಫೋನಿಟ್ಟ ಮೇಲೆ ನನ್ನನ್ನು ನೋಡಿದ ನೋಟದಲ್ಲಿ, ಹೊಡೆಯುವ ಆಸೆ ಮೊದಲ ಸಲ ಕಂಡಿತು.

ಅಮ್ಮ ಎಣ್ಣೆ ಹಚ್ಚಿಸಿದರು. ಕಲೆಯಾಗಿದ್ದು ಹಾಸಿಗೆ ಹೊದಿಕೆಗೆ, ಕುರ್ಚಿಗೆ, ಅಪ್ಪನ ಬಿಳಿ ಟವೆಲ್ಲಿಗೆ. ಗೆರೆ ಕದಲಲಿಲ್ಲ. ಆಲಿವ್ ಎಣ್ಣೆ, ಕೋಕೋ ಬಟರ್ ಹಚ್ಚಿದರೆ ಗೆರೆ ಬರುವುದೇ ಇಲ್ಲ ಅನ್ನೋದೂ ಪರೀಕ್ಷೆಗಳಲ್ಲಿ ನಿಂತಿಲ್ಲ. ಪಾಪ, ಹರಿದಿರುವುದು ಒಳಗೆ, ನಾವು ತಿಕ್ಕುವುದು ಹೊರಗೆ! ಟ್ರೆಟಿನಾಯಿನ್ ಕ್ರೀಮು, ಲೇಸರ್ ಹೊಸ ಗೆರೆಯನ್ನು ಒಂದಿಷ್ಟು ಮಂಕು ಮಾಡಬಹುದು, ಪೂರ್ತಿ ಅಳಿಸಲಾರವು. ಬಸುರಿಯರು ಟ್ರೆಟಿನಾಯಿನ್ ಮುಟ್ಟಬಾರದು. ಇನ್ನು ತುರಿಕೆಗೆಂದು ಯಾರನ್ನೂ ಕೇಳದೆ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಬಳಿದುಕೊಂಡರೆ ಚರ್ಮ ತೆಳ್ಳಗಾಗಿ ಇಲ್ಲದ ಗೆರೆಯೂ ಮೂಡೀತು.

ಸುಮ್ನೆ ಬಿಟ್ಟರೆ ವರ್ಷ ಕಳೆದಂತೆ ತಾನೇ ಬಿಳಿಚಿಕೊಳ್ಳುತ್ತದೆ. ನನ್ನದೂ ಹಾಗೇ ಆಯಿತು. ಅಪ್ಪ, ಅಮ್ಮನಿಗಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ. ನಮ್ಮ ಚಿಕ್ಕಪ್ಪನ ಮಗನಿಗೂ ಇದೆ, ಭುಜದ ಮೇಲೆ. ಅವನದು ಜಿಮ್ಮಿನ ಗಳಿಕೆ, ತೋಳಿಲ್ಲದ ಬನಿಯನ್ನಿನಲ್ಲೇ ತಿರುಗುತ್ತಾನೆ. ಮೊನ್ನೆ ನನ್ನ ಬೆನ್ನು ನೋಡಿ ಬೆರಗಾದ. "ಇದಕ್ಕೆ ಯಾವ ಎಕ್ಸರ್‌ಸೈಜ್ ಮಾಡಿದ್ದೆ ಅಣ್ಣಾ?"

"ನಿದ್ದೆ" ಅಂದೆ.