ಅಧ್ಯಕ್ಷರು ರೆಡಿ, ಆಟಗಾರರಿದ್ದರೆ ತಿಳಿಸಿ

ಆ ಫೋಟೋ ನೀವೂ ನೋಡಿರುತ್ತೀರಿ. ಜಿಲ್ಲಾ ಕ್ರೀಡಾ ಸಂಸ್ಥೆಯೊಂದರ ನೂತನ ಪದಾಧಿಕಾರಿಗಳ ಪದಗ್ರಹಣ. ಪೇಪರಿನಲ್ಲಿ ಅರ್ಧ ಪುಟ, ಚಿಕ್ಕಮಗಳೂರಿನ ಹನುಮಂತಪ್ಪ ವೃತ್ತದ ಫ್ಲೆಕ್ಸಿನಲ್ಲಿ ಆಳೆತ್ತರ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರುಗಳು, ಪ್ರಧಾನ ಕಾರ್ಯದರ್ಶಿ, ಸಹ ಕಾರ್ಯದರ್ಶಿ, ಸಂಘಟನಾ ಕಾರ್ಯದರ್ಶಿ, ಖಜಾಂಚಿ, ಕಾನೂನು ಸಲಹೆಗಾರರು. ಎಲ್ಲರಿಗೂ ಮೈಸೂರು ಪೇಟ, ಶಾಲು, ಏಲಕ್ಕಿ ಹಾರ. ಕೊನೇ ಸಾಲಿನಲ್ಲಿ, ಯಾರದೋ ಪೇಟದ ಹಿಂದೆ, ಟ್ರ್ಯಾಕ್ ಸೂಟ್ ಹಾಕಿದ ಹುಡುಗನೊಬ್ಬನ ಅರ್ಧ ಮುಖ ಕಾಣುತ್ತದೆ. ಅವನೇ ಆಟಗಾರ ಇರಬೇಕು. ಇಲ್ಲಾ ಕುರ್ಚಿ ಜೋಡಿಸಲು ಬಂದವನು. ಎರಡೂ ಅವನೇ ಆಗಿರುವ ಸಾಧ್ಯತೆ ಜಾಸ್ತಿ.

ಯಾವ ಆಟ ಅಂತ ಮಾತ್ರ ಕೇಳಬೇಡಿ. ಭಾಷಣ ಮಾಡಿದವರಲ್ಲೂ ಇಬ್ಬರಿಗೆ ಅದು ಕೊನೆಯವರೆಗೆ ಗೊತ್ತಾಗಲಿಲ್ಲವಂತೆ. ಇಬ್ಬರೂ ಸುಮ್ನೆ ‘ಈ ಕ್ರೀಡೆ’ ಅಂತ ಹೇಳಿ ಮುಗಿಸಿದರು.

ನಮ್ಮ ಮುಖಂಡರ ಕಷ್ಟವೂ ಅರ್ಥವಾಗುತ್ತದೆ. ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಎಲ್ಲ ಕಡೆ ಕುರ್ಚಿ ಭರ್ತಿ. ಕೂತವರು ಏಳುವ ಪೈಕಿ ಅಲ್ಲ. ಹೊಸಬರು ಎಲ್ಲಿಗೆ ಹೋಗಬೇಕು? ಅಂಥವರಿಗಾಗಿಯೇ ಒಂದು ಆಟ ಹುಡುಕಿಟ್ಟಿದ್ದೇನೆ. ರೋಗೇನಿಂಗ್. ಚಿಕ್ಕಮಗಳೂರಿನಲ್ಲಿ ಇದಕ್ಕೆ ಇನ್ನೂ ಯಾರೂ ಅಧ್ಯಕ್ಷರಾದಂತೆ ಕಾಣುತ್ತಿಲ್ಲ. ಬೇಗ ಬನ್ನಿ.

ಆಟ ಸರಳ. ಎರಡರಿಂದ ಐದು ಜನರ ತಂಡ. ಕೈಯಲ್ಲಿ ಒಂದು ನಕ್ಷೆ, ಒಂದು ದಿಕ್ಸೂಚಿ. ಕಾಡು, ಗುಡ್ಡ, ಬಯಲುಗಳಲ್ಲಿ ಅಲ್ಲಲ್ಲಿ ಕಿತ್ತಳೆ-ಬಿಳಿ ಬಾವುಟ ಕಟ್ಟಿರುತ್ತಾರೆ. ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಕೈಬಿಡಬೇಕು ಅನ್ನುವುದು ತಂಡಕ್ಕೆ ಬಿಟ್ಟದ್ದು. ಚಾಂಪಿಯನ್‌ಷಿಪ್ ಆದರೆ 24 ಗಂಟೆ, ರಾತ್ರಿಯೂ ಸೇರಿ. ಜಿಪಿಎಸ್ ಮುಟ್ಟುವಂತಿಲ್ಲ. 1976ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಈ ಹೆಸರಿನಲ್ಲಿ ಶುರುವಾಯಿತು. ಅದಕ್ಕೂ ಮೊದಲು, 1947ರಿಂದಲೇ, ಮೆಲ್ಬರ್ನ್ ವಿಶ್ವವಿದ್ಯಾಲಯದ ಪರ್ವತಾರೋಹಿಗಳ ಕ್ಲಬ್ಬು 24 ಗಂಟೆ ನಡೆಯುವ ಸ್ಪರ್ಧೆ ಇಟ್ಟುಕೊಂಡಿತ್ತು. ಅಂತರರಾಷ್ಟ್ರೀಯ ಫೆಡರೇಷನ್ ಆದದ್ದು 1989ರಲ್ಲಿ, ಮೊದಲ ವಿಶ್ವ ಚಾಂಪಿಯನ್‌ಷಿಪ್ 1992ರಲ್ಲಿ. ಲೆಕ್ಕ ಹಾಕಿ. 42 ವರ್ಷ ಆಡಿದ ಮೇಲೆ ಅವರಿಗೆ ಅಂತರರಾಷ್ಟ್ರೀಯ ಸಂಸ್ಥೆಯೊಂದು ಬೇಕು ಅಂತ ಹೊಳೆದಿದೆ. ಎಂಥ ದಡ್ಡರು ಅಲ್ವಾ? ಅಷ್ಟು ಹೊತ್ತಿಗೆ ನಮ್ಮಲ್ಲಿ ಮೂರು ಸಂಸ್ಥೆ, ಹೈಕೋರ್ಟಿನಲ್ಲಿ ಎರಡು ಕೇಸು, ಅವಧಿಗೆ ಮುಂಚೆ ಒಂದು ಸುವರ್ಣ ಮಹೋತ್ಸವ ಮುಗಿದಿರುತ್ತಿತ್ತು.

ಕೆಲವು ನಿಯಮಗಳನ್ನು ಮಾತ್ರ ತಿದ್ದುಪಡಿ ಮಾಡಬೇಕಾದೀತು. ತಂಡದವರೆಲ್ಲ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇರಬೇಕಂತೆ. ಒಬ್ಬನಿಗೆ ಕಾಲುನೋವು ಬಂದರೂ ಬಿಟ್ಟು ಓಡುವಂತಿಲ್ಲ, ಎಲ್ಲರೂ ಒಟ್ಟಿಗೇ ಹೋಗಿ ಒಟ್ಟಿಗೇ ಬರಬೇಕು. ನಮ್ಮ ಸಂಸ್ಥೆಗಳಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಯೂ ಒಬ್ಬರಿಗೊಬ್ಬರು ಕೇಳಿಸುವುದು ವಕೀಲರ ಮೂಲಕ. ಎರಡನೆಯದು, ತಡವಾಗಿ ಬಂದರೆ ನಿಮಿಷದ ಲೆಕ್ಕದಲ್ಲಿ ಅಂಕ ಕತ್ತರಿಸುತ್ತಾರೆ, ಅರ್ಧ ಗಂಟೆ ಮೀರಿದರೆ ತಂಡವೇ ಅನರ್ಹ. ಈ ನಿಯಮ ಉದ್ಘಾಟನಾ ಸಮಾರಂಭಕ್ಕೆ ಅನ್ವಯವಾಗುವುದಿಲ್ಲ ಅಂತ ಮೊದಲೇ ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಹಾರ ಹಾಕಿಸಿಕೊಳ್ಳಲು ವೇದಿಕೆಯಲ್ಲಿ ನಿರೂಪಕರೊಬ್ಬರೇ ಉಳಿಯುತ್ತಾರೆ.

ವಯಸ್ಸಿನ ವಿಷಯದಲ್ಲಿ ಮಾತ್ರ ಈ ಆಟ ನಮಗೆ ಹೇಳಿ ಮಾಡಿಸಿದ್ದು. 40 ದಾಟಿದವರಿಗೆ ಬೇರೆ ವಿಭಾಗ, 55ಕ್ಕೆ ಬೇರೆ, 65 ದಾಟಿದವರಿಗೆ ಇನ್ನೊಂದು. ತೊಂದರೆ ಏನೆಂದರೆ ಅಲ್ಲಿ 65 ದಾಟಿದವರು ತಲೆಗೆ ಟಾರ್ಚ್ ಕಟ್ಟಿಕೊಂಡು ನಡುರಾತ್ರಿ ಗುಡ್ಡ ಹತ್ತುತ್ತಾರೆ. ನಮ್ಮಲ್ಲಿ ಅದೇ ವಯಸ್ಸಿನವರು ನಾಮಪತ್ರ ಹಾಕುತ್ತಾರೆ. 2011ರ ಕ್ರೀಡಾ ಸಂಹಿತೆ ಪದಾಧಿಕಾರಿಗಳಿಗೆ 70 ವರ್ಷದ ಮಿತಿ ಹಾಕಿತ್ತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದು, ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ ಒಪ್ಪಿದರೆ 70ರಿಂದ 75ರವರೆಗಿನವರೂ ನಿಲ್ಲಬಹುದು ಎಂದಿತು. ಕ್ರೀಡಾ ಸುಧಾರಣೆ ಅಂದರೆ ಸುಧಾರಣೆ. ಆಟಗಾರ ಮೂವತ್ತಕ್ಕೆ ಮುದುಕನಾಗುತ್ತಾನೆ, ಪದಾಧಿಕಾರಿ ಎಪ್ಪತ್ತಕ್ಕೆ ಅರಳುತ್ತಾನೆ.

ಇನ್ನು ಸ್ಪರ್ಧೆ ಎಲ್ಲಿ ನಡೆಸೋದು? ಗುಡ್ಡಕ್ಕೇನು ಬರ, ಮುಳ್ಳಯ್ಯನಗಿರಿ ಇದೆಯಲ್ಲ ಅನ್ನುತ್ತೀರಿ. ಅಲ್ಲಿಗೆ ಈಗ ಆನ್‌ಲೈನ್‌ನಲ್ಲಿ ಸ್ಲಾಟ್ ಬುಕ್ ಮಾಡಬೇಕು. ಬುಕ್ ಮಾಡಿದರೂ ಶನಿವಾರ-ಭಾನುವಾರ ಕೈಮರ ಚೆಕ್‌ಪೋಸ್ಟ್ ಹತ್ತಿರ ಸಾಲು. ಬೇಕಾದರೆ ಕೈಮರವನ್ನೇ ಮೊದಲ ಬಾವುಟ ಮಾಡಿ ಅತಿ ಹೆಚ್ಚು ಅಂಕ ಕೊಡಬಹುದು, ಯಾಕೆಂದರೆ ಅಲ್ಲಿಂದ ಮುಂದೆ ಹೋಗುವುದರಲ್ಲೇ ನಿಜವಾದ ಕೌಶಲ ಇರೋದು. ಭದ್ರಾ ಕಡೆ ಹುಲಿ ಸಂರಕ್ಷಿತ ಪ್ರದೇಶ, ರಾತ್ರಿಯ ಮಾತೇ ಇಲ್ಲ. ಉಳಿದದ್ದು ಕಾಫಿ ತೋಟ. ತೋಟಕ್ಕೆ ಗೇಟು, ಗೇಟಿಗೆ ಬೀಗ, ಬೀಗಕ್ಕೊಂದು ನಾಯಿ. ಆದರೂ ಬೆಂಗಳೂರಿನ ಕಾರುಗಳು ಮೊಬೈಲ್ ಹೇಳಿತು ಅಂತ ಯಾರದೋ ಕಾಫಿ ಕಣದವರೆಗೆ ಬಂದು ನಿಂತು, ಹೋಂಸ್ಟೇ ಎಲ್ಲಿ ಅಂತ ಒಣಹಾಕಿದ ಬೀಜದ ಮೇಲೆ ನಿಂತೇ ಕೇಳುತ್ತವೆ. ಜಿಪಿಎಸ್ ನಿಷೇಧಿಸಿದ ಆ ಆಸ್ಟ್ರೇಲಿಯಾದವರಿಗೆ ನಮ್ಮ ಬೆಳೆಗಾರರು ಒಂದು ಮೂಟೆ ಕಾಫಿ ಕಳಿಸಿದರೂ ತಪ್ಪಿಲ್ಲ.

ಜಿಪಿಎಸ್ ಬಿಟ್ಟು ಜನರನ್ನು ಕೇಳಿದರೆ ಏನಾಗುತ್ತದೆ ಅನ್ನುವುದು ಬೇರೆ ಕಥೆ. ಮೂಡಿಗೆರೆ ಹ್ಯಾಂಡ್‌ಪೋಸ್ಟಿನಲ್ಲಿ ದಾರಿ ಕೇಳಿ ನೋಡಿ. ‘ಇಲ್ಲೇ ಮುಂದೆ, ಎರಡು ಹೆಜ್ಜೆ’ ಅನ್ನುತ್ತಾರೆ. ಆ ಎರಡು ಹೆಜ್ಜೆಗೆ ನಿಮ್ಮ ಗಾಡಿ ಅರ್ಧ ಲೀಟರ್ ಪೆಟ್ರೋಲ್ ಕುಡಿಯುತ್ತದೆ. ‘ಮೊದಲು ಒಂದು ದೊಡ್ಡ ಮರ ಇತ್ತಲ್ಲ, ಅಲ್ಲಿ ಎಡಕ್ಕೆ’ ಅನ್ನುವವರೂ ಇದ್ದಾರೆ. ಮರ ಕಡಿದು ಹತ್ತು ವರ್ಷವಾಗಿರುತ್ತದೆ. ಗೊತ್ತಿಲ್ಲ ಅಂತ ಹೇಳುವವರು ಮಾತ್ರ ಒಬ್ಬರೂ ಸಿಗುವುದಿಲ್ಲ. ದಾರಿ ಕೇಳಿದವರನ್ನು ಬರಿಗೈಲಿ ಕಳಿಸುವ ಪದ್ಧತಿ ಮಲೆನಾಡಿನಲ್ಲಿಲ್ಲ.

ಸರಿ, ಹಾಸನದ ಕಡೆ ನಡೆಸೋಣ ಎಂದರೆ ಸಕಲೇಶಪುರ, ಆಲೂರು, ಬೇಲೂರಿನಲ್ಲಿ ಆನೆ. ಯಾವ ತೋಟದಲ್ಲಿ ಯಾವ ಗುಂಪು ಇದೆ ಅಂತ ಮೊಬೈಲಿಗೆ ಮೆಸೇಜು ಬರುತ್ತದೆ, ಅದನ್ನು ನೋಡಿಕೊಂಡು ಜನ ಬೆಳಗ್ಗೆ ಕೆಲಸಕ್ಕೆ ಹೊರಡುತ್ತಾರೆ. ರಸ್ತೆಯಲ್ಲಿ ಹೋಗಲೋ, ಕಾಲುದಾರಿ ಹಿಡಿಯಲೋ, ಇವತ್ತು ಕೂಲಿಯೇ ಬೇಡವೋ ಅಂತ ಲೆಕ್ಕ ಹಾಕುತ್ತಾರೆ. ದಿಕ್ಕು ನೋಡಿ ದಾರಿ ಆರಿಸುವ ಆಟ ಇವರಿಗೆ ಯಾರು ಕಲಿಸಬೇಕು? ಲೆಕ್ಕ ತಪ್ಪಿದರೆ ಇಲ್ಲಿ ಅಂಕ ಹೋಗುವುದಿಲ್ಲ, ಜೀವ ಹೋಗುತ್ತದೆ. ಹೋಗಿದೆ ಕೂಡ. ಆಗಲೂ ಹಾರ ಹಿಡಿದುಕೊಂಡು ಅದೇ ಮುಖಂಡರು ಬರುತ್ತಾರೆ.

ನಕ್ಷೆ ಬೇಕಲ್ಲ, ಅದರ ಕಥೆ ಇನ್ನೂ ಚೆಂದ. ಸರ್ವೆ ಆಫ್ ಇಂಡಿಯಾ 1767ರಿಂದ ಈ ದೇಶವನ್ನು ಅಳೆಯುತ್ತಿದೆ. ಅಳೆದದ್ದನ್ನು ದೇಶದವರಿಗೆ ತೋರಿಸಲು ಮಾತ್ರ ಬಹಳ ಯೋಚನೆ ಮಾಡಿತು. 2005ರಲ್ಲಿ ನಕ್ಷೆ ನೀತಿ ಬಂತು, ಸೇನೆಗೆ ಒಂದು ನಕ್ಷೆ, ಜನಕ್ಕೆ ಇನ್ನೊಂದು. 2017ರಲ್ಲಿ 1:50,000 ಅಳತೆಯ ನಕ್ಷೆ ಉಚಿತ ಎಂದರು, ಆದರೆ ಆಧಾರ್ ಕೊಡಬೇಕು. ನಮ್ಮೂರ ಹಳ್ಳ ಎಲ್ಲಿದೆ ಅಂತ ನೋಡಲು ನಾವು ಯಾರು ಅಂತ ಸಾಬೀತು ಮಾಡಬೇಕು. ಅಷ್ಟು ಹೊತ್ತಿಗಾಗಲೇ ಹೊರದೇಶದ ಉಪಗ್ರಹಗಳು ನಮ್ಮ ಹಿತ್ತಲ ಬಚ್ಚಲು ಗುಂಡಿಯನ್ನೂ ಫೋಟೋ ತೆಗೆದು ಜಗತ್ತಿಗೆಲ್ಲ ತೋರಿಸಿಯಾಗಿತ್ತು. 2021ರಲ್ಲಿ ಸರ್ಕಾರ ನಿಯಮ ಸಡಿಲಿಸಿತು.

ಇಷ್ಟೆಲ್ಲ ಅಡ್ಡಿ ಇದ್ದರೂ ಪದಾಧಿಕಾರಿಗಳು ಬೇಸರ ಮಾಡಿಕೊಳ್ಳಬೇಕಿಲ್ಲ. ಅಧ್ಯಯನ ಪ್ರವಾಸ ಇದ್ದೇ ಇದೆ. ಈ ಆಟದ ವಿಶ್ವ ಚಾಂಪಿಯನ್‌ಷಿಪ್ 2015ರಲ್ಲಿ ಫಿನ್‌ಲೆಂಡಿನ ಲ್ಯಾಪ್‌ಲ್ಯಾಂಡಿನಲ್ಲಿ, 2016ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಹತ್ತಿರ ನಡೆದಿದೆ. ಚಳಿಗೊಂದು, ಬಿಸಿಲಿಗೊಂದು. ಕುಟುಂಬ ಸಮೇತ ಹೋಗಿ ಬರಬಹುದು.

ಈ ಆಟದಲ್ಲಿ ನನಗೆ ಬಹಳ ಹಿಡಿಸಿದ್ದು ಊಟ. ಮಧ್ಯದ ಶಿಬಿರಕ್ಕೆ ಹ್ಯಾಶ್ ಹೌಸ್ ಅಂತಾರೆ. ರಾತ್ರಿ ಯಾವ ಹೊತ್ತಿಗೆ ಯಾವ ತಂಡ ಸುಸ್ತಾಗಿ ಬಂದರೂ ಅಲ್ಲಿ ಬಿಸಿ ಊಟ ಇರುತ್ತದೆ. ತಿಂದು, ಬೇಕಾದರೆ ಮಲಗಿ, ಮತ್ತೆ ಹೊರಡಬಹುದು. ಊಟ ಬಡಿಸುವವರು ಸ್ವಯಂಸೇವಕರು.

2022ರ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಕಬಡ್ಡಿ ಆಡಲು ಬಂದ ಹೆಣ್ಣುಮಕ್ಕಳಿಗೆ ಅನ್ನ ಇಟ್ಟದ್ದು ಶೌಚಾಲಯದ ನೆಲದ ಮೇಲೆ. 17 ವರ್ಷದೊಳಗಿನ ಮಕ್ಕಳು. ವಿಡಿಯೋ ಹೊರಬಂತು, ಒಬ್ಬ ಅಧಿಕಾರಿ ಅಮಾನತಾದರು, ಮುಗಿಯಿತು. ನಮ್ಮ ಒಲಿಂಪಿಕ್ ಸಂಸ್ಥೆಯ ಚುನಾವಣೆಯ ರಗಳೆಗೆ 2012ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಭಾರತವನ್ನು ಅಮಾನತು ಮಾಡಿತು. 2014ರಲ್ಲಿ ರಷ್ಯಾದ ಸೋಚಿಯ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನಮ್ಮ ಆಟಗಾರರು ತ್ರಿವರ್ಣ ಧ್ವಜ ಹಿಡಿಯಲಾಗದೆ ಒಲಿಂಪಿಕ್ ಬಾವುಟದಡಿ ನಡೆದರು. 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಫೆಡರೇಷನ್ನನ್ನು ಅಮಾನತು ಮಾಡಿತು. ಪ್ರತಿ ಸಲವೂ ಕುರ್ಚಿಯ ಜಗಳ, ಪ್ರತಿ ಸಲವೂ ದಂಡ ತೆತ್ತವರು ಆಡುವ ಮಕ್ಕಳು. ತಮಾಷೆ ಮಾಡಿ ಮಾಡಿ ಸಾಕಾಗಿದೆ. ಇವರಿಗೆ ನಾಚಿಕೆಯಾಗುತ್ತದೆ ಅಂತ ಕಾಯುವುದೂ ಸಾಕಾಗಿದೆ.

ಇರಲಿ, ಹೊಸ ಸಂಸ್ಥೆಯ ಕೆಲಸಕ್ಕೆ ಬರೋಣ. ಲೆಟರ್‌ಹೆಡ್ ಅಚ್ಚಾಗಲಿ, ಸೀಲು ಬರಲಿ, ಕ್ರೀಡಾ ಇಲಾಖೆಗೆ ಅನುದಾನದ ಅರ್ಜಿ ಹೋಗಲಿ. ಒಂದೇ ಒಂದು ಹುದ್ದೆಗೆ ಮಾತ್ರ ಹೆಸರು ಸಿಗುತ್ತಿಲ್ಲ. ಸ್ಪರ್ಧೆಗೆ ಮುಂಚೆ ಯಾರಾದರೂ ಗುಡ್ಡ ಗುಡ್ಡ ಹತ್ತಿ ಆ ಬಾವುಟಗಳನ್ನು ಕಟ್ಟಬೇಕು, ಇನ್ನೊಬ್ಬರು ಹೋಗಿ ಸರಿಯಾದ ಜಾಗದಲ್ಲಿದೆಯಾ ಅಂತ ನೋಡಬೇಕು. ಎಲ್ಲ ಮುಗಿದು ಬಹುಮಾನ ಹಂಚಿ ಜನ ಮನೆಗೆ ಹೋದ ಮೇಲೆ, ಸೋಮವಾರ, ಜಿಗಣೆ ಕಚ್ಚಿಸಿಕೊಂಡು ಅಷ್ಟನ್ನೂ ಬಿಚ್ಚಿ ತರಬೇಕು. ಆಸಕ್ತರಿದ್ದರೆ ಅಧ್ಯಕ್ಷರನ್ನು ಸಂಪರ್ಕಿಸಬಹುದು. ಆ ಹುದ್ದೆಗೆ ಪೇಟ ಇಲ್ಲ.