ಇಪ್ಪತ್ತೊಂದು ಸಾವಿರದ ಹೊಗೆ

ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಬಟ್ಟೆ ಒಣಗಬೇಕಾದರೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಬೇಕು. ಆ ಅಂಗಿ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದರೆ ಪಕ್ಕದವರು ಮೂಗು ಅರಳಿಸಿ ಕಿಟಕಿ ಕಡೆ ತಿರುಗುತ್ತಾರೆ. ಈ ಹೊಗೆ ವಾಸನೆ ಬಿಡಿಸಲು ನಮ್ಮಕ್ಕ ತಂದ ಸೋಪಿನ ಪುಡಿಗೆ ಲೆಕ್ಕವೇ ಇಲ್ಲ.

ಅದೇ ಅಕ್ಕನ ಮನೆಗೆ ಮೊನ್ನೆ 21,000 ರೂಪಾಯಿ ಕೊಟ್ಟು ಹೊಗೆ ತಂದಿದ್ದರು.

ಹೊಗೆ ಬಾಟಲಿಯಲ್ಲಿತ್ತು. 18 ವರ್ಷದ ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿ. ತಂದವನು ಬೆಂಗಳೂರಿನಲ್ಲಿರುವ ಭಾವನ ತಮ್ಮನ ಮಗ. ಸ್ಕಾಟ್ಲೆಂಡಿನ ಒಂದು ದ್ವೀಪದ್ದಂತೆ. ಚೀಟಿ ನೋಡಿ ನಾನು ‘ಇಸ್ಲೇ’ ಅಂದೆ. ‘ಐಲಾ ಅನ್ಬೇಕು ಮಾವ’ ಅಂತ ತಿದ್ದಿದ. ಐಲುಪೈಲು ಗೊತ್ತಿತ್ತು, ಐಲಾ ಗೊತ್ತಿರಲಿಲ್ಲ.

ಗ್ಲಾಸಿಗೆ 15 ಮಿಲಿ ಹಾಕಿದ. ಕೆಮ್ಮಿನ ಸಿರಪ್ಪನ್ನೂ ಇದಕ್ಕಿಂತ ಧಾರಾಳವಾಗಿ ಹಾಕ್ತಾರೆ. ಬಾಟಲಿಯಲ್ಲಿರುವುದು 700 ಮಿಲಿ. ಅಂದರೆ ಮಿಲಿಗೆ 30, ಗ್ಲಾಸಿಗೆ 450. ಕ್ವಿಂಟಲ್ ಅಡಿಕೆಗೆ 45 ಸಾವಿರ ಅಂತ ಹಿಡಿದರೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೆಜಿ ಅಡಿಕೆ. ಭಾವ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಕುಡಿಯುವ ಹಾಗಿಲ್ಲ. ಮೊದಲು ಬಣ್ಣ ನೋಡಬೇಕು. ಆಮೇಲೆ ಗ್ಲಾಸು ಓರೆ ಮಾಡಬೇಕು. ಆಮೇಲೆ ಬಾಯಿ ಚೂರು ತೆರೆದು ಮೂಸಬೇಕು. ಏಳು ಜನ ಗಂಡಸರು ಬಾಯಿ ಬಿಟ್ಟುಕೊಂಡು ಮೂಸುವುದನ್ನು ಜಗಲಿಯ ನಾಯಿ ಬಹಳ ಹೊತ್ತು ನೋಡಿತು. ಕೊನೆಗೂ ಇವರಿಗೆ ಬುದ್ಧಿ ಬಂತು ಅಂದುಕೊಂಡಿರಬೇಕು.

‘ಎಂತ ಬಣ್ಣ ನೋಡಿ! 18 ವರ್ಷ ಓಕ್ ಮರದ ಪೀಪಾಯಿಯಲ್ಲಿ ಕೂತಿದ್ದು’ ಅಂದ ಹುಡುಗ. ನಮ್ಮ ಜೊತೆ ಅಡಿಕೆ ವ್ಯಾಪಾರದ ನೆಂಟರೊಬ್ಬರಿದ್ದರು. ಮುಷ್ಟಿ ಅಡಿಕೆ ಹಿಡಿದರೆ ಯಾವ ಊರಿನ ತೋಟ, ಎಷ್ಟು ಹಳೆಯ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ನೀರಿನಲ್ಲಿ, ಬೆಂದಿದ್ದು ಅಂತ ಹೇಳುವ ಆಸಾಮಿ. ಗ್ಲಾಸನ್ನು ಬಲ್ಬಿಗೆ ಹಿಡಿದು ಕೇಳಿದರು: ‘ಬಣ್ಣ ಹಾಕಿದ್ದಲ್ವಾ ಇದು?’

ಹುಡುಗ ತಡವರಿಸಿದ. ಸಕ್ಕರೆ ಸುಟ್ಟು ಮಾಡಿದ ಬಣ್ಣ ಹಾಕಲು ಸ್ಕಾಚಿನ ಕಾನೂನಲ್ಲೇ ಅವಕಾಶ ಇದೆ, ಎಲ್ಲರೂ ಹಾಕುವುದಿಲ್ಲ ಅಷ್ಟೆ ಅಂದ. ‘ಭಾಗ್ಯ ಮಾರಾಯ. ನಾವು ಅಡಿಕೆಗೆ ಹಾಕಿದರೆ ಮಂಡಿಯಿಂದ ಚೀಲ ಸಮೇತ ವಾಪಸ್’ ಅಂದರು ನೆಂಟರು.

ಹೊಗೆಯ ಕಥೆ ಹೀಗಂತೆ. ಆ ದ್ವೀಪದಲ್ಲಿ ಮಳೆ ಗಾಳಿ ಜಾಸ್ತಿ, ಮರ ಕಮ್ಮಿ. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಹುಲ್ಲು ಪಾಚಿಯನ್ನು ಅಗೆದು, ಒಣಗಿಸಿ, ಒಲೆಗೆ ಹಾಕ್ತಾರೆ. ಅದಕ್ಕೆ ಪೀಟ್ ಅಂತ ಹೆಸರು. ಮೊಳಕೆ ಬಂದ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸುತ್ತಾರೆ. ಪಾಪ, ಬೇರೆ ಸೌದೆ ಇಲ್ಲದವರ ಕಷ್ಟ. ನಮ್ಮಲ್ಲಿ ಹಸಿ ಸೌದೆ ಉರಿಸುವವರಿಗೆ ಇರುವ ಕಷ್ಟವೇ. ಅವರು ಕಷ್ಟಕ್ಕೆ ರೇಟು ಹಾಕಿದರು, ನಾವು ಕಣ್ಣೊರೆಸಿಕೊಂಡೆವು.

‘ಒದ್ದೆ ಉಣ್ಣೆಯ ವಾಸನೆ ಸಿಕ್ತಾ?’ ಅಂತ ಕೇಳಿದ. ಸಿಕ್ಕಿತು. ಅವನ ಬೆನ್ನ ಹಿಂದಿನ ಗೂಟದಲ್ಲಿ ಕೆಲಸದವರ ಕಂಬಳಿ ನೇತಾಡುತ್ತಿತ್ತು. ಭಾವನಿಗೆ ಏನೂ ಸಿಗಲಿಲ್ಲ ಅಂತ ಮುಖ ಹೇಳುತ್ತಿತ್ತು. ಆದರೂ ಕಣ್ಣು ಮುಚ್ಚಿ ‘ಕೊನೇಲಿ ಸ್ವಲ್ಪ ಒಣದ್ರಾಕ್ಷಿ’ ಅಂದರು. 450 ರೂಪಾಯಿ ಕೊಟ್ಟ ಮೇಲೆ ದ್ರಾಕ್ಷಿಯಾದರೂ ಬೇಡವೇ?

ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾಗಿ ಹೋಗುತ್ತದಂತೆ. ಅದು ದೇವತೆಗಳ ಪಾಲು. ಬೆಂಗಳೂರಿನಲ್ಲೂ ಸಿಂಗಲ್ ಮಾಲ್ಟ್ ಮಾಡ್ತಾರೆ, ಸೆಕೆ ಜಾಸ್ತಿ, ಅಲ್ಲಿ 10 ಪರ್ಸೆಂಟಿಗೂ ಮೇಲೆ ಹೋಗುತ್ತದೆ. ಬೆಂಗಳೂರಿನ ದೇವತೆಗಳಿಗೂ ಮನೆ ಬಾಡಿಗೆ ಕಟ್ಟಬೇಕಲ್ಲ. ನಮ್ಮ ತೋಟದ ಭೂತಪ್ಪ ಎಷ್ಟೋ ವಾಸಿ. ವರ್ಷಕ್ಕೊಂದು ಸಲ ತನ್ನ ಪಾಲು ತಗೊಂಡು ತೋಟ ಕಾಯುತ್ತಾನೆ.

ಹುಡುಗ ಇನ್ನೊಂದು ಸಂತೋಷದ ಸುದ್ದಿ ಹೇಳಿದ. 2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದದ ಪ್ರಕಾರ ಸ್ಕಾಚಿನ ಮೇಲಿನ 150 ಪರ್ಸೆಂಟ್ ಆಮದು ಸುಂಕ ಮೊದಲು 75ಕ್ಕೆ, ಹತ್ತನೇ ವರ್ಷಕ್ಕೆ 40ಕ್ಕೆ ಇಳಿಯಬೇಕು. ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಔಷಧಿ ಹೊಡೆದು ಹೊಡೆದು ಸುಸ್ತಾದ ನಾವು ಏಳೂ ಜನ ಗಂಭೀರವಾಗಿ ತಲೆ ಆಡಿಸಿದೆವು. ಸದ್ಯ, ಹೊಗೆಯಾದರೂ ಅಗ್ಗವಾಗಲಿ.

ಅಷ್ಟರಲ್ಲಿ ಒಳಗಿಂದ ಅಜ್ಜಿ, ಅಂದರೆ ಭಾವನ ಅಮ್ಮ, ಹತ್ತಿ ಹಿಡಿದುಕೊಂಡು ಬಂದರು.

‘ಯಾರಿಗೋ ಉಂಬಳ ಕಚ್ಚಿದ್ದು? ಟಿಂಚರ್ ವಾಸನೆ ಬಂತು.’

ಅಷ್ಟು ಹೊತ್ತಿನಲ್ಲಿ ಯಾರೂ ಹೇಳದ ಸರಿಯಾದ ಮಾತು ಅದು. ಹುಡುಗ ಕುಣಿದಾಡಿದ. ‘ಕರೆಕ್ಟ್ ಅಜ್ಜಿ! ಅಯೋಡಿನ್! 1920ರ ಹೊತ್ತಿಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಇಂಥದ್ದನ್ನ ಔಷಧಿ ಅಂತ ಮಾರ್ತಿದ್ರಂತೆ.’

ಔಷಧಿ ಅನ್ನುವುದೊಂದೇ ಅಜ್ಜಿಗೆ ಕೇಳಿಸಿದ್ದು. ಭಾವನ ಹಿಮ್ಮಡಿಯಲ್ಲಿ ನಿಜವಾಗಿಯೂ ಜಿಗಣೆ ಕಚ್ಚಿ ರಕ್ತ ಇಳಿಯುತ್ತಿತ್ತು. ಮೂಸುವ ಗಡಿಬಿಡಿಯಲ್ಲಿ ಅವರಿಗೇ ಗೊತ್ತಾಗಿರಲಿಲ್ಲ. ಅಜ್ಜಿ ಬಗ್ಗಿ, ಹತ್ತಿಯನ್ನು ಭಾವನ ಗ್ಲಾಸಿಗೆ ಅದ್ದಿ, ಗಾಯಕ್ಕೆ ಒತ್ತಿದರು. ಹತ್ತಿ ಅಷ್ಟನ್ನೂ ಹೀರಿಕೊಂಡಿತ್ತು.

‘ಅಯ್ಯೋ ಅಜ್ಜಿ! ಅದು 18 ವರ್ಷದ್ದು!’

ಅಜ್ಜಿಯ ಕೈ ನಿಂತಿತು.

‘ಅಷ್ಟು ಹಳೇದಾ? ಡೇಟ್ ಮುಗಿದಿದ್ದನ್ನ ನಿನಗೆ ಯಾರೋ ಕೊಟ್ಟಿದ್ದು?’